‘ಸಾವಯವ ಮಾಲಿನ್ಯಕಾರಕ’ ಮತ್ತು ‘ಜಲಾನಯನ’: ಎರಡು ಸಂದೇಹಗಳು

ಮಾನ್ಯರೇ,

ಕಾಸರಗೋಡಿನ ಎಂಡೋಸಲ್ಫಾನ್ ಕುರಿತು ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. 2011ರಲ್ಲಿ ಈ ಕೀಟನಾಶಕವನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು; ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಒಪ್ಪಂದ ಅದು. ಆ ಪಟ್ಟಿಯ ವಿಷಗಳನ್ನು ನಮ್ಮಲ್ಲಿ ‘ನಿರಂತರ ಸಾವಯವ ಮಾಲಿನ್ಯಕಾರಕ’ ಎಂದು ಬರೆಯುವುದುಂಟು. ಕರಡನ್ನು ನೆರೆಮನೆಯ ಹಿರಿಯ ಅಡಿಕೆ ಕೃಷಿಕರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕೇಳಿದರು: “ಸಾವಯವ ಎಂದರೆ ಸೊಪ್ಪು, ಗೊಬ್ಬರ. ಅದು ವಿಷವಾಗುವುದು ಹೇಗೆ ಮಾರಾಯರೇ?”

ಪ್ರಶ್ನೆ ನ್ಯಾಯವಾದದ್ದೇ. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ. ಊರಿನಲ್ಲಿ ವಿಷ ಹಾಕದ ಬೇಸಾಯ.

‘ನಿರಂತರ’ವೂ ಹೊಂದುವುದಿಲ್ಲ. ಅದು ಎಡೆಬಿಡದೆ ನಡೆಯುವುದಕ್ಕೆ ಹೇಳುವ ಮಾತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ನೇ ಇಸವಿಯ ಹೊತ್ತಿಗೇ ನಿಂತಿತು. ವಿಷ ಮಾತ್ರ ಮಣ್ಣಿನಲ್ಲಿ ಉಳಿಯಿತು. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದೇ ಹೆಚ್ಚು. ಜಡಿಮಳೆಗೆ ಗುಡ್ಡದ ಮಣ್ಣು ಕೊಚ್ಚಿಹೋದಾಗ ಅದರೊಂದಿಗೆ ತೋಡಿಗೆ ಇಳಿಯುತ್ತದೆ, ತೋಡಿನಿಂದ ಹೊಳೆಯ ಹೂಳಿಗೆ. ಮುಂದಿನ ವರ್ಷ ಹೂಳು ಕದಡಿದರೆ ಮತ್ತೆ ಹೊರಡುತ್ತದೆ. ಅದು ಒಡೆದು ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಇನ್ನೂ ಹೆಚ್ಚು ಕಾಲ ಉಳಿಯುವಂಥದ್ದು. ಕಾಸರಗೋಡು ಜಿಲ್ಲೆಯ ಪಡ್ರೆಯ ಕಡೆ ಗುಡ್ಡದ ಹೊಟ್ಟೆ ಕೊರೆದು ಮಾಡಿದ ಸುರಂಗದ ನೀರು ಕುಡಿಯುವ ಮನೆಗಳಿವೆ. ಗೇರು ತೋಟ ಮೇಲೆ, ಸುರಂಗದ ಬಾಯಿ ಕೆಳಗೆ.

ಹಾಗಾದರೆ ಬದಲಿಗೆ ಏನೆನ್ನುವುದು? ‘ಕರಗದ ವಿಷ’ ಎಂದರೆ ನೀರಿನಲ್ಲಿ ಕರಗದ್ದು ಎಂದಷ್ಟೇ ಆದೀತು. ‘ಬಾಳಿಕೆ’ ಚಪ್ಪಲಿಗೆ, ಹೆಂಚಿಗೆ ಸಲ್ಲುವ ಹೊಗಳಿಕೆ. ವಿಷಕ್ಕೆ ಕೊಡಲು ಮನಸ್ಸು ಒಪ್ಪುವುದಿಲ್ಲ. ನನಗೆ ಹಿಡಿಸಿದ್ದು ‘ಕೊಳೆಯದ ವಿಷ’. ಎಲೆಯನ್ನೂ ಸಗಣಿಯನ್ನೂ ಕೊಳೆಸಿ ತನ್ನದಾಗಿಸಿಕೊಳ್ಳುವ ಮಣ್ಣು ಇದನ್ನು ಬೇಗ ಕೊಳೆಸಲಾರದು. ಆದರೆ ಅಡಿಕೆಯವರಿಗೆ ‘ಕೊಳೆ’ ಎಂದೊಡನೆ ಕೊಳೆರೋಗ ನೆನಪಾಗುತ್ತದೆ. ತೊಡಕಾದೀತೇ?

ಇನ್ನು ‘ಜಲಾನಯನ’ (ಒಂದು ಹೊಳೆಗೋ ತೋಡಿಗೋ ನೀರು ಬಸಿಯುವ ಇಡೀ ಪ್ರದೇಶ). ಇದನ್ನು ‘ಜಲ-ನಯನ’ ಎಂದು ಒಡೆದು ನೀರಿನ ಕಣ್ಣು ಎಂದು ಅರ್ಥ ಹೇಳುವವರನ್ನು ಕಂಡಿದ್ದೇನೆ. ಅದು ಜಲ, ಆನಯನ: ನೀರನ್ನು ತರುವುದು. ಈ ಬರಹಕ್ಕೆ ಆ ‘ತರುವುದು’ ಬಹಳ ಮುಖ್ಯ, ಗುಡ್ಡ ಇಲ್ಲಿ ನೀರಿನ ಜೊತೆ ವಿಷವನ್ನೂ ತಂದಿತು. ಆದರೆ ಓದುವವರಿಗೆ ಅದು ಸರಕಾರಿ ಯೋಜನೆಯ ಫಲಕದಂತೆ ಕೇಳಿಸುತ್ತದೆ. ಒಂದು ತೋಡಿಗೆ ನೀರು ಬಸಿಯುವ ಗುಡ್ಡ, ಬಯಲು ಎಲ್ಲಕ್ಕೂ ಸೇರಿ ನಿಮ್ಮ ಊರಿನಲ್ಲಿ ಆಡುವ ಮಾತಿದೆಯೇ? ತುಳು, ಹವ್ಯಕ, ಮಲೆನಾಡಿನ ಮಾತಾದರೂ ಆಗಬಹುದು. ತಿಂಗಳ ಕೊನೆಗೆ ಕರಡು ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಆ ಹಿರಿಯರಿಗೆ ಇನ್ನೊಮ್ಮೆ ಓದಿ ಹೇಳಬೇಕು.