ಕೈಯಲ್ಲಿ ಮಾಡಿದ ವಯಲಿನ್ನೋ ಗಿಟಾರೋ, ಯಾವುದರ ಕೆಲಸ ಜಾಸ್ತಿ?

ತಂತಿಹುಳ:
ನಾನು ಗಿಟಾರು, ನನ್ ತಂಗಿ ವಯಲಿನ್ನು. ದಿನಾ ಜಗಳ. ಅವಳ ಪ್ರಕಾರ ಗಿಟಾರ್ ಅಂದ್ರೆ ಒಂದು ಡಬ್ಬ, ಅದಕ್ಕೊಂದು ಹಿಡಿ. ನಂಗೋ ವಯಲಿನ್ ಎಲ್ಲಾ ಒಂದೇ ಥರ ಕಾಣ್ಸುತ್ತೆ, 300 ವರ್ಷದ್ದೂ ಮೊನ್ನೆ ಮಾಡಿದ್ದೂ ಪಕ್ಕಪಕ್ಕ ಇಟ್ರೆ ಗೊತ್ತೇ ಆಗಲ್ಲ. ಮಾಡೋರಿಗೆ ನಿಜವಾಗ್ಲೂ ಯಾವುದು ಕಷ್ಟ? ಮರಗೆಲಸ ಗೊತ್ತಿರೋರು ಹೇಳಿ.

ಉಳಿಬಾಚಿ:
ಎರಡೂ ಮಾಡಕ್ಕೋಗಿ ಕೈ ಸುಟ್ಕೊಂಡಿದೀನಿ (ಗಿಟಾರಲ್ಲಿ ನಿಜವಾಗ್ಲೇ ಸುಟ್ಕೊಂಡೆ, ಪಕ್ಕದ ಪಟ್ಟಿ ಬಗ್ಗಿಸೋ ಬಿಸಿ ಪೈಪಿಗೆ ತಾಗಿ). ವಯಲಿನ್ ಉಬ್ಬು ಇದ್ಯಲ್ಲ ಅದು ಬಗ್ಗಿಸಿದ್ದಲ್ಲ, ದಪ್ಪ ಸ್ಪ್ರೂಸ್ ಮರದ ತುಂಡಲ್ಲಿ ಕೆತ್ತಿ ತೆಗೆದಿದ್ದು. ಹೊರಗಡೆ ಮುಗಿಸಿ ಆಮೇಲೆ ಒಳಗೆ ತೋಡ್ತಾ ತೋಡ್ತಾ ಸುಮಾರು 3 ಮಿ.ಮೀ.ಗೆ ಇಳಿಸ್ಬೇಕು, ಹೆಬ್ಬೆರಳಷ್ಟು ಕೀಸುಳಿ ಹಿಡ್ಕೊಂಡು, ಒಂದು ಎಳೆತ ಜಾಸ್ತಿ ಆಯ್ತೋ ಮುಗೀತು. ಅಂಚಿನ ಕಪ್ಪು ಗೆರೆ ನೋಡಿ, ಅಗ್ಗದ ಪೀಸಲ್ಲಿ ಎಷ್ಟೋ ಸಲ ಬರೀ ಪೇಂಟು. ಕೈಯಲ್ಲಿ ಮಾಡಿದ್ರಲ್ಲಿ ಸಣ್ಣ ಕಾಲುವೆ ಕೊರೆದು ಮೂರು ಪದರದ ಮರದ ಎಳೆ ಕೂರಿಸಿರ್ತಾರೆ, ಅಂಚಲ್ಲಿ ಬಿದ್ದ ಬಿರುಕು ಒಳಕ್ಕೆ ಓಡದಂಗೆ ತಡಿಯುತ್ತೆ. ಮೂಲೇಲಿ ಆ ಎಳೆ ಎರಡೂ ಸೇರೋ ಚೂಪು ತುದಿ ನೋಡಿದ್ರೆ ಮಾಡಿದವರ ಕೈ ಗೊತ್ತಾಗುತ್ತೆ. ನಂದು ಇಲಿ ಕಡಿದಂಗಿತ್ತು.

ಆರುತಂತಿ:
ಡಬ್ಬ ಅನ್ನೋ ತಂಗಿಗೆ ಗಿಟಾರ್ ಒಳಗೆ ಕನ್ನಡಿ ಬಿಟ್ಟು ತೋರ್ಸಿ ಸ್ವಾಮಿ. ವಯಲಿನ್ನಲ್ಲಿ ಬ್ರಿಡ್ಜ್ (ತಂತಿ ಹೊರೋ ಮರದ ತುಂಡು) ಕೆಳಗೆ ಒತ್ತುತ್ತೆ, ಉಬ್ಬು ಕಮಾನಿನ ಥರ ತಡ್ಕೊಳ್ಳುತ್ತೆ. ನಮ್ದು ಹಲಗೆ ಹೆಚ್ಚುಕಮ್ಮಿ ಚಪ್ಪಟೆ, ಬ್ರಿಡ್ಜ್ ಅದಕ್ಕೇ ಅಂಟಿರುತ್ತೆ, ಸ್ಟೀಲ್ ತಂತಿ ಆರೂ ಸೇರಿ ಹತ್ರತ್ರ 70 ಕೆ.ಜಿ. ಎಳೀತಾ ಇರುತ್ತೆ. ತಡಿಯೋದು ಒಳಗಡೆ ಅಂಟಿಸಿರೋ ಕಡ್ಡಿಗಳು. ದಪ್ಪ ಬಿಟ್ರೆ ಸದ್ದು ಸತ್ತೋಗುತ್ತೆ, ಜಾಸ್ತಿ ಕೆತ್ತಿದ್ರೆ ಹೊಟ್ಟೆ ಉಬ್ಬುತ್ತೆ, ನಡುವೆ ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ವಿದ್ಯೆ. ಸ್ಪೇನಿನಲ್ಲಿ ಗಿಟಾರ್ ಮಾಡ್ತಿದ್ದ ಆಂಟೋನಿಯೊ ದೆ ಟೊರೆಸ್ 1862ರಲ್ಲಿ ಪಕ್ಕ, ಹಿಂಭಾಗ ಎರಡನ್ನೂ ರಟ್ಟಲ್ಲಿ ಮಾಡಿ ಮುಂದಿನ ಹಲಗೆ ಮಾತ್ರ ಮರದ್ದು ಹಾಕಿದ್ರು, ಸದ್ದು ಎಲ್ಲಿಂದ ಬರುತ್ತೆ ಅಂತ ತೋರ್ಸೋಕೆ!

ತಂತಿಹುಳ:
ರಟ್ಟಾ!! ಸರಿ, ವಯಲಿನ್ ಯಾಕೆ ಎಲ್ಲಾ ಒಂದೇ ಥರ?

ಉಳಿಬಾಚಿ:
ಇಟಲಿಯ ಕ್ರೆಮೋನಾ ಊರಲ್ಲಿ ವಯಲಿನ್ ಮಾಡ್ತಿದ್ದ ಅಮಾಟಿ ಮನೆತನದವರ ಕಾಲಕ್ಕೇ, ಅಂದ್ರೆ 1500ರ ದಶಕಗಳಲ್ಲೇ ಆಕಾರ ಕೂತ್ಬಿಡ್ತು. ಅದೇ ಊರಲ್ಲಿ ವಯಲಿನ್ ಮಾಡಿ ಹೆಸರಾದ ಸ್ಟ್ರಾಡಿವರಿ ತೀರ್ಕೊಂಡಿದ್ದು 1737ರಲ್ಲಿ, ಇವತ್ತಿಗೂ ಎಷ್ಟೋ ಜನ ಅವರ ಅಳತೆ ಇಟ್ಕೊಂಡೇ ಕೆತ್ತೋದು. ಗಿಟಾರಲ್ಲಿ ಹೊಸ ಕಡ್ಡಿ ಜೋಡಣೆ ಟ್ರೈ ಮಾಡ್ಬೋದು, ಇಲ್ಲಿ ನಿಮ್ ಬುದ್ಧಿವಂತಿಕೆ ಎಲ್ಲಾ ಕೂದಲೆಳೆ ವ್ಯತ್ಯಾಸದಲ್ಲೇ ತೋರಿಸ್ಬೇಕು. ನನ್ನ ಕೇಳಿದ್ರೆ ಮಾಡೋಕೆ ವಯಲಿನ್ ಕಷ್ಟ, ಆದ್ರೆ ಮಾಡೋ ಖುಷಿ ಗಿಟಾರಲ್ಲೇ ಜಾಸ್ತಿ. ಮತ್ತೆ ತಂಗಿ ಹಳೇದೇ ಶ್ರೇಷ್ಠ ಅಂದ್ರೆ 2012ರಲ್ಲಿ ಬಂದ ಪರೀಕ್ಷೆ ಬಗ್ಗೆ ಹೇಳಿ, ಕಣ್ಣು ಕಾಣದಂಗೆ ಮಾಡಿ 21 ಜನರ ಕೈಗೆ ಕೊಟ್ಟಾಗ ಅತಿ ಹೆಚ್ಚು ಇಷ್ಟ ಆಗಿದ್ದು ಹೊಸದು, ಅತಿ ಕಮ್ಮಿ ಇಷ್ಟ ಆಗಿದ್ದು ಒಂದು ಸ್ಟ್ರಾಡಿವರಿ.

ತಂತಿಹುಳ:
ಹೇಳಿದೆ, ಮಾತು ಬಿಟ್ಟಿದಾಳೆ. ಕನ್ನಡಿ ಬಿಟ್ಟೂ ನೋಡ್ದೆ, ನನ್ ಗಿಟಾರಲ್ಲಿ ಒಂದು ಕಡ್ಡಿ ಬಿಟ್ಕೊಂಡು ನೇತಾಡ್ತಿದೆ. ಯಾವ ಅಂಟು ಹಾಕ್ಲಿ ಈಗ?