ಭೂಮಿ ಎಳೆಯುತ್ತದಾ, ಆಕಾಶ ಒತ್ತುತ್ತದಾ?

ಗುಂಪು: ವಿಜಯಪುರ ಮನೆ ಮಂದಿ

ಕಾಕಾ: ಈ ವಿಡಿಯೋ ಎಲ್ಲರೂ ಪೂರ್ತಿ ನೋಡಿ. ಭೂಮಿ ನಮ್ಮನ್ನು ಎಳೆಯುವುದೇ ಇಲ್ಲ. ಎಲ್ಲಾ ದಿಕ್ಕಿನಿಂದ ಸಣ್ಣ ಕಣಗಳು ಬಡಿಯುತ್ತಿರುತ್ತವೆ. ಕೆಳಗಿನಿಂದ ಬರುವುದನ್ನು ಭೂಮಿ ತಡೆಯುತ್ತದೆ, ಮೇಲಿನವು ನಮ್ಮನ್ನು ಒತ್ತುತ್ತವೆ. ಪರಮಾಣುವನ್ನು ಹಿಡಿದಿಟ್ಟಿರುವುದೂ ಇದೇ ಒತ್ತಡ! ಒಬ್ಬ ರಿಟೈರ್ಡ್ ಎಂಜಿನಿಯರ್ ಕಂಡುಹಿಡಿದದ್ದು.

ತಮ್ಮ: ಹಾಗಿದ್ರೆ ಗೋಲ್ ಗುಂಬಜ್ ಒಳಗೆ ಹೋದಾಗ ತೂಕ ಕಡಿಮೆ ಆಗಬೇಕಲ್ವಾ ಕಾಕಾ? ಅಷ್ಟು ದಪ್ಪ ಗುಮ್ಮಟ ತಲೆ ಮೇಲಿರುತ್ತದೆ.

ಕಾಕಾ: ಆ ಕಣಗಳು ಕಲ್ಲಿನಲ್ಲೂ ತೂರಿ ಹೋಗುತ್ತವಪ್ಪ. ಎಲ್ಲೋ ಸ್ವಲ್ಪ ಸಿಕ್ಕಿಬೀಳುತ್ತವೆ, ಅಷ್ಟೇ.

ನಾನು: ಕಾಕಾ, ಪೂರ್ತಿ ನೋಡಿದೆ. ವಿಚಾರ ಚೆನ್ನಾಗಿದೆ, ಆದರೆ ಹೊಸದಲ್ಲ. 1748ರಲ್ಲೇ ಜಿನಿವಾದ ಲೆ ಸಾಜ್ ಎಂಬ ವಿಜ್ಞಾನಿ ಇದನ್ನು ಹೇಳಿದ್ದರು. ಮಳೆಯಲ್ಲಿ ಬೈಕ್ ಓಡಿಸಿದರೆ ಎದುರಿನಿಂದ ಹನಿ ಜಾಸ್ತಿ ಬಡಿಯುತ್ತದಲ್ವಾ? ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಎದುರಿನ ಕಣ ಬಡಿದು ಬಡಿದು ವೇಗ ಇಳಿಯಬೇಕಿತ್ತು, ಇಳಿದಿಲ್ಲ. ಕಣಗಳ ವೇಗ ಇನ್ನೂ ಜಾಸ್ತಿ ಅಂತ ಇಟ್ಟುಕೊಂಡರೆ ಆ ತಡೆಯೇನೋ ಕಡಿಮೆ ಆಗುತ್ತದೆ. ಆದರೆ ಸಿಕ್ಕಿಬಿದ್ದ ಕಣಗಳ ಶಕ್ತಿ ಎಲ್ಲಿಗೆ ಹೋಗಬೇಕು? ಬಿಸಿಯಾಗಲೇಬೇಕು. ಹಾಗಾದರೆ ಇಡೀ ಜಗತ್ತು ಕೆಲವೇ ಸೆಕೆಂಡಿನಲ್ಲಿ ಕಾದ ಕಬ್ಬಿಣದ ಹಾಗೆ ಬೆಳ್ಳಗೆ ಕಾಯಬೇಕು ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1875ರಲ್ಲಿ ತೋರಿಸಿದರು.

ಕಾಕಾ: ದೊಡ್ಡ ವಿಜ್ಞಾನಿಗಳು ಹೊರಗಿನವರ ಮಾತು ಕೇಳುವುದಿಲ್ಲ. ಐನ್‌ಸ್ಟೈನ್ ಕೂಡ ಪೇಟೆಂಟ್ ಆಫೀಸಿನಲ್ಲಿದ್ದವರೇ.

ನಾನು: ಹೌದು, 1905ರಲ್ಲಿ ಅಲ್ಲೇ ಇದ್ದರು. ಆದರೂ ಅವರ ಮಾತು ಕೇಳಿದರು, ಯಾಕೆಂದರೆ ಅದರಲ್ಲಿ ಲೆಕ್ಕ ಇತ್ತು, ಬೇಕಾದವರು ತಾಳೆ ನೋಡಬಹುದಿತ್ತು. ಈ ವಿಡಿಯೋದಲ್ಲಿ ಬಾಣದ ಗುರುತು ಬೇಕಾದಷ್ಟಿವೆ, ಒಂದು ಸಂಖ್ಯೆಯೂ ಇಲ್ಲ. ನನಗೆ ಬೇಜಾರು ಅದಕ್ಕೇ.

ಅತ್ತಿ: ಪರಮಾಣುವಿನ ಮಾತು ಏನು? ಅದೂ ತಪ್ಪಾ?

ನಾನು: ಹೂಂ ಅತ್ತಿ. ಈಗ ಚಳಿ, ಗಾಳಿ ಒಣಗಿದೆ. ಪ್ಲಾಸ್ಟಿಕ್ ಬಾಚಣಿಕೆಯನ್ನು ಒಣ ಕೂದಲಿಗೆ ಉಜ್ಜಿ, ಮೊರದಲ್ಲಿರುವ ಜೋಳದ ಹೊಟ್ಟಿನ ಹತ್ತಿರ ಹಿಡಿಯಿರಿ. ಹೊಟ್ಟು ಎದ್ದು ಬಂದು ಅಂಟಿಕೊಳ್ಳುತ್ತದೆ. ಇಡೀ ಭೂಮಿ ಕೆಳಗೆ ಎಳೆದರೂ ಒಂದು ಬಾಚಣಿಕೆ ಗೆಲ್ಲುತ್ತದೆ! ಅದು ವಿದ್ಯುತ್ ಬಲ. ಪರಮಾಣುವಿನಲ್ಲಿ ಎಲೆಕ್ಟ್ರಾನನ್ನು ಹಿಡಿದಿಟ್ಟಿರುವುದೂ ಅದೇ. ಹೈಡ್ರೋಜನ್‌ನಲ್ಲಿ ಅದು ಗುರುತ್ವಕ್ಕಿಂತ ಎಷ್ಟು ಪಟ್ಟು ಗೊತ್ತಾ? ಸುಮಾರು 2ರ ಮುಂದೆ 39 ಸೊನ್ನೆ. ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ ಒಳಗೆ ಪ್ರೋಟಾನ್ ಎಂಬ ಕಣಗಳು ಒಂದನ್ನೊಂದು ದೂಡುತ್ತವೆ, ಅವನ್ನು ಕಟ್ಟಿಹಾಕಲು ಇನ್ನೂ ಗಟ್ಟಿಯಾದ ಬೇರೆ ಬಲವೇ ಇದೆ. ಎಲ್ಲಾ ಒಂದೇ ಒತ್ತಡ ಅಂದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳಬೇಕಲ್ವಾ?

ಕಾಕಾ: ಗುರುತ್ವ ಯಾಕಿದೆ ಅಂತ ನಿನ್ನ ನ್ಯೂಟನ್‌ಗೂ ಗೊತ್ತಿರಲಿಲ್ಲ.

ನಾನು: ನಿಜ, ಅವರೇ ಹಾಗೆ ಬರೆದಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅವರು ಹಾಕಿದ ಲೆಕ್ಕ ನೋಡಿ. ಮರದ ಹಣ್ಣು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ನಾವಿರುವ ದೂರದ 60 ಪಟ್ಟು ಆಚೆ ಚಂದ್ರ ಇದೆ. ದೂರ ಎಷ್ಟು ಪಟ್ಟೋ ಅದರ ವರ್ಗದಷ್ಟು ಪಟ್ಟು ಎಳೆತ ಕಡಿಮೆ ಆಗುತ್ತದೆ ಅಂತ ಅವರ ಲೆಕ್ಕ. 60ರ ವರ್ಗ 3600. ಅದರಿಂದ 4.9 ಮೀಟರನ್ನು ಭಾಗಿಸಿದರೆ 1.4 ಮಿಲಿಮೀಟರ್ ಹತ್ತಿರ. ಚಂದ್ರ ಒಂದು ಸೆಕೆಂಡಿನಲ್ಲಿ ನೇರ ದಾರಿಯಿಂದ ಭೂಮಿಯ ಕಡೆ ಬಾಗುವುದೂ ಸರಿಯಾಗಿ ಅಷ್ಟೇ. ಆ ಎಂಜಿನಿಯರ್ ತಮ್ಮ ಕಣಗಳಿಂದ ಇದೊಂದು ಸಂಖ್ಯೆ ತರಲಿ ಕಾಕಾ, ನಾನೇ ಆ ವಿಡಿಯೋ ಹತ್ತು ಜನರಿಗೆ ಕಳಿಸುತ್ತೇನೆ.

ಕಾಕಾ: ಚಂದ್ರ ಬಾಗುವುದು ಅಷ್ಟೇ ಅಂತ ಹೇಗೆ ಗೊತ್ತಾಯಿತು?

ನಾನು: ದೂರ ಸುಮಾರು 3,84,000 ಕಿ.ಮೀ., ಒಂದು ಸುತ್ತಿಗೆ 27.3 ದಿನ. ಇವೆರಡೇ ಸಾಕು.

ಕಾಕಾ: ಇರು, ಕ್ಯಾಲ್ಕುಲೇಟರ್ ತರುತ್ತೇನೆ.