ಮೇಷ್ಟ್ರ ಕೆಲಸ ಬಿಡದೆ ಪಾರ್ಟ್ ಟೈಮ್ ಪಿಎಚ್‌.ಡಿ. ಮಾಡೋದು ಹೇಗೆ?

ಹೊಸನಗರದ ಮೇಷ್ಟ್ರು:
ನಮಸ್ಕಾರ. ಹೊಸನಗರ ತಾಲೂಕಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಾರ್ಟ್ ಟೈಮ್ ಪಿಎಚ್‌.ಡಿ.ಗೆ ಸೇರುವ ಆಸೆ. ವಿಷಯ ಕೆಳದಿ ಅರಸರ ಕಾಲದ ದಾನಶಾಸನಗಳು. ಕೆಳದಿ, ಇಕ್ಕೇರಿ, ಬಿದನೂರು ಮೂರೂ ರಾಜಧಾನಿ ಬಸ್ಸಿಗೆ ಸಿಗುವಷ್ಟು ಹತ್ತಿರ, ಅದೇ ಧೈರ್ಯ. ಆದರೆ ಅಡಿಕೆ ಕೊನೆಕೊಯ್ಲು ಶುರುವಾದರೆ ಮನೆಯಲ್ಲಿ ರಾತ್ರಿವರೆಗೂ ಸುಲಿತ. ಅದು ಮುಗಿಯೋ ಹೊತ್ತಿಗೆ ಹತ್ತನೇ ಕ್ಲಾಸಿನ ಸ್ಪೆಷಲ್ ಕ್ಲಾಸು. ಆಡಳಿತ ಮಂಡಳಿ ಕೊಟ್ಟ ಎನ್‌ಒಸಿಯಲ್ಲಿ (ನಿರಾಕ್ಷೇಪಣಾ ಪತ್ರ) ಇರೋದು ಒಂದೇ ಸಾಲು: ‘ಶಾಲೆಯ ಕೆಲಸಕ್ಕೆ ತೊಂದರೆಯಾಗದಂತೆ ಓದಬಹುದು.’ ಇಷ್ಟು ಸಾಕಾ? ದೂರ ಶಿಕ್ಷಣದಲ್ಲಿ ಮಾಡೋಕಾಗುತ್ತಾ?

ತುಂಗೆಯ ದಡ:
ದೂರ ಶಿಕ್ಷಣದಲ್ಲಿ ಪಿಎಚ್‌.ಡಿ. ಇಲ್ಲ ಮೇಷ್ಟ್ರೇ, ಆ ಆಸೆ ಬಿಡಿ. ನಾನು ತೀರ್ಥಹಳ್ಳಿಯಲ್ಲಿ ಪಾಠ ಮಾಡಿಕೊಂಡೇ ಮುಗಿಸಿದವಳು. ಆ ಎನ್‌ಒಸಿ ವಾಪಸ್ ಕೊಟ್ಟು ಬೇರೆ ಬರೆಸಿ. ಅದರಲ್ಲಿ ಮೂರು ಮಾತು ಇರಲಿ: ಪಾರ್ಟ್ ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್‌.ಡಿ.ಯ ಶುರುವಿನ ತರಗತಿಗಳು) ಕೆಲಸದಿಂದ ಬಿಡುತ್ತೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ಈ ಮೂರನ್ನೂ ಕೇಳುತ್ತದೆ. ಮೂರನೆಯದನ್ನು ಬರೆಸದೆ ಬಿಡಬೇಡಿ. ಕೋರ್ಸ್‌ವರ್ಕ್‌ನಲ್ಲಿ ಶೇ 55 ಬರಲೇಬೇಕು. ಆಮೇಲೆ ರಜೆಗೆ ಬೇಡಿಕೊಳ್ಳುತ್ತಾ ಕೂತರೆ ಓದೋದು ಯಾವಾಗ?

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಕೆಲಸದಲ್ಲಿರುವವರು ಆರೂ ಬೇಕು ಅಂದುಕೊಂಡೇ ಹೊರಡೋದು ಒಳ್ಳೆಯದು.

ನಿಮ್ಮ ವಿಷಯಕ್ಕೆ ಒಂದು ಅನುಕೂಲ ಇದೆ. ಎಪಿಗ್ರಾಫಿಯ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 8ನೇ ಸಂಪುಟ, ಬಿ.ಎಲ್. ರೈಸ್ 1904ರಲ್ಲಿ ತಂದದ್ದು, ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲೂಕುಗಳದು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬೇಕಾದ ಪುಟ ಪ್ರಿಂಟ್ ತೆಗೆಸಿಡಿ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ! ಮಳೆಗಾಲ ಓದು ಬರಹಕ್ಕೆ, ಏಪ್ರಿಲ್-ಮೇ ರಜೆ ಶಾಸನದ ಕಲ್ಲು ನೋಡೋಕೆ. ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತವೆ, ನಡು ಮಧ್ಯಾಹ್ನ ಏನೂ ಕಾಣಲ್ಲ. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿದ ಸೂರ್ಯ, ಚಂದ್ರ, ಹಸು, ಕರು ಚೆನ್ನಾಗೇ ಇರುತ್ತವೆ. ಭೂಮಿಯ ಎಲ್ಲೆ ಹೇಳುವ ಕೆಳಗಿನ ಸಾಲುಗಳೇ ಎಷ್ಟೋ ಕಡೆ ಮಣ್ಣಲ್ಲಿ ಹೂತಿರುತ್ತವೆ. ಓದೋಕೆ ಅಂತ ಸುಣ್ಣ ಮಾತ್ರ ಬಳಿಯಬೇಡಿ.

ಕೊಪ್ಪದ ಹುಡುಗ:
ಹೆಸರಿನ ಮುಂದೆ ಡಾ. ಹಾಕಿಕೊಳ್ಳೋಕೆ ಮಾತ್ರ ಆದರೆ ಬೇಡ ಸಾರ್, ಸುಮ್ನೆ ನಿದ್ದೆ ಹಾಳು. ಗೈಡ್ ಯಾರು ಅಂತ ನೋಡಿಕೊಂಡಿದ್ದೀರಾ? ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಹೊಸನಗರದ ಮೇಷ್ಟ್ರು:
ವಿಚಾರಿಸಿದ್ದೇನೆ, ಅವರಿಗೆ ಇನ್ನೂ ಸರ್ವೀಸ್ ಜಾಸ್ತಿ ಇದೆ. ಡಾ. ಬಗ್ಗೆ ಆಸೆ ಇಲ್ಲ ಅಂದರೆ ಸುಳ್ಳಾಗುತ್ತೆ ಬಿಡಿ. ಮೇಡಂ, ಆ ಮೂರನೇ ಮಾತು ಬರೆದುಕೊಡಿ ಅಂದರೆ ಮಂಡಳಿಯವರು ‘ನಿಮ್ಮ ಕ್ಲಾಸ್ ಯಾರು ತಗೋತಾರೆ’ ಅಂತಾರೆ.

ತುಂಗೆಯ ದಡ:
ಅದಕ್ಕೆ ಉತ್ತರ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕೋರ್ಸ್‌ವರ್ಕ್ ವೇಳಾಪಟ್ಟಿ ವಿಭಾಗದಲ್ಲಿ ಕೇಳಿ ತನ್ನಿ. ಆ ದಿನಗಳ ಪೀರಿಯಡ್ ಯಾರ ಜೊತೆ ಬದಲಾಯಿಸಿಕೊಳ್ಳುತ್ತೀರಿ ಅಂತ ಬರೆದು, ಅವರ ಸಹಿಯನ್ನೂ ಹಾಕಿಸಿ. ಮೊದಲು ಹೆಡ್‌ಮಾಸ್ಟರಿಗೆ ತೋರಿಸಿ, ಮಂಡಳಿಗೆ ಅವರೇ ಹೇಳಲಿ.